ಸ್ಲ್ಯಾಗ್ ಪೇವರ್: 60ರಲ್ಲಿ 18 ಆಯಿತು

ಹಿತ್ತಲಿಗೆ ಹಾಸಲು 60 ಪೇವರ್ ಬೇಕು. ಹೊಳೆ ಮರಳು ಮುಟ್ಟದೆ ಮಾಡಬೇಕು ಅಂತ ಹಟ. ತೋರಣಗಲ್ಲಿನಿಂದ ನಮ್ಮೂರು ದೂರವೇನಿಲ್ಲ. ಅಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ತೆಗೆದರೆ ಹತ್ತಿರ ಹತ್ತಿರ 300 ಕೆಜಿ ಸ್ಲ್ಯಾಗ್ (ಅದಿರು ಕರಗಿಸಿದಾಗ ಉಳಿಯುವ ಕಿಟ್ಟ) ಬರುತ್ತದೆ, ಅದಿರು ಕಳಪೆಯಾದರೆ ಇನ್ನೂ ಜಾಸ್ತಿ. ಕರಗಿದ ಸ್ಲ್ಯಾಗನ್ನು ತಾನಾಗಿ ಆರಲು ಬಿಟ್ಟರೆ ಕಲ್ಲಾಗುತ್ತದೆ. ಅದರ ಮೇಲೆ ರಭಸವಾಗಿ ನೀರು ಹಾಯಿಸಿದರೆ ಗಾಜಿನಂಥ ಮರಳಾಗುತ್ತದೆ. ಆ ಮರಳನ್ನೇ ನುಣ್ಣಗೆ ಬೀಸಿದರೆ ಜಿಜಿಬಿಎಸ್, ಸಿಮೆಂಟಿನ ಜೊತೆ ಬೆರೆಸುವ ಪುಡಿ.

ನನ್ನ ಮಾಲು: ಒಂದು ಬಾಂಡ್ಲಿ ಪುಡಿ (ಅರ್ಧ ಓಪಿಸಿ, ಅಂದರೆ ಮಾಮೂಲಿ ಪೋರ್ಟ್‌ಲ್ಯಾಂಡ್ ಸಿಮೆಂಟ್, ಅರ್ಧ ಜಿಜಿಬಿಎಸ್), ಒಂದೂವರೆ ಸ್ಲ್ಯಾಗ್ ಮರಳು, ಎರಡೂವರೆ ಸಣ್ಣ ಜಲ್ಲಿ. ಮರಳು ಚುಚ್ಚುತ್ತದೆ, ಗ್ಲೌಸ್ ಬೇಕೇ ಬೇಕು.

ಮೊದಲ ಸಲ ಎಂಟು ಅಚ್ಚು ತುಂಬಿದೆ. ಮರುದಿನವೇ ಬಿಚ್ಚಿದೆ. ಆರರ ಅಂಚು ಉದುರಿ ಹೋಯಿತು. ಪಕ್ಕದ ಮನೆ ಕಟ್ಟುತ್ತಿದ್ದ ಮೇಸ್ತ್ರಿ ನೋಡಿ, "ಸಿಮೆಂಟ್ ಕಮ್ಮಿ ಆತ್ರಿ ಸರ" ಅಂದರು. ನನಗೆ ಹಾಗನ್ನಿಸಲಿಲ್ಲ. ಸ್ಲ್ಯಾಗ್ ಸಿಮೆಂಟಿನ ಭಾರತೀಯ ಮಾನದಂಡ ಐಎಸ್ 455ರಲ್ಲೇ 25ರಿಂದ 70 ಪರ್ಸೆಂಟ್ ತನಕ ಸ್ಲ್ಯಾಗ್ ಇರಬಹುದು. ಕಮ್ಮಿಯಾಗಿದ್ದು ದಿನ. ಸಿಮೆಂಟ್ ನೀರು ಕುಡಿದು ಸುಣ್ಣ ಬಿಟ್ಟಮೇಲೆ ತಾನೇ ಸ್ಲ್ಯಾಗ್ ಚುರುಕಾಗುವುದು? ಚಳಿಯಲ್ಲಂತೂ ಇನ್ನೂ ನಿಧಾನ.

ಆಮೇಲಿನ ಎರಡು ಸಲ ಮೂರು ದಿನ ಅಚ್ಚು ಮುಟ್ಟಲಿಲ್ಲ. ಮೇಲೆ ಒದ್ದೆ ಗೋಣಿಚೀಲ, ಬಿಚ್ಚಿದ ಮೇಲೆ ತೊಟ್ಟಿಯಲ್ಲಿ 28 ದಿನ. ಹದಿನಾರೂ ಗಟ್ಟಿ. ಬಣ್ಣ ಮಾಮೂಲಿ ಕಾಂಕ್ರೀಟಿಗಿಂತ ಬಿಳಿ.

ಮೊದಲಿನ ಆರೂ ತೊಟ್ಟಿಯಲ್ಲೇ ಇದ್ದವು. ಎರಡು ವಾರ ಬಿಟ್ಟು ಒಂದನ್ನು ಸುತ್ತಿಗೆಯಿಂದ ಒಡೆದೆ. ಒಳಗೆಲ್ಲ ನೀಲಿ ಹಸಿರು! ಸ್ವಲ್ಪ ಗಂಧಕದ ವಾಸನೆ ಬೇರೆ. ಸ್ಲ್ಯಾಗಿನಲ್ಲಿರುವ ಸಲ್ಫೈಡಿನ ಬಣ್ಣ ಅದು. ಗಾಳಿ ತಾಗಿದಂತೆ ಮಾಸಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅವ್ವನನ್ನು ಕರೆದು ತೋರಿಸಿದೆ, ಅಷ್ಟು ಚೆಂದವಿತ್ತು.

ನನಗೆ ಮರಳಿಗಿಂತ ಸಿಮೆಂಟ್ ಉಳಿದದ್ದೇ ದೊಡ್ಡದು. ಸಿಮೆಂಟಿಗೆ ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿಯಲ್ಲಿ ಸುಡಬೇಕು. ಉರುವಲಿನ ಹೊಗೆ ಒಂದು ಕಡೆ, ಕಲ್ಲಿನಿಂದಲೇ ಬಿಡುಗಡೆಯಾಗುವ ಕಾರ್ಬನ್ ಡೈಆಕ್ಸೈಡ್ ಇನ್ನೊಂದು ಕಡೆ. ಸ್ಲ್ಯಾಗ್ ಆಗಲೇ ಬೆಂದು ಬಂದಿರುತ್ತದೆ, ಬೀಸಿದರೆ ಸಾಕು.

ಉದುರಿದ ಆರನ್ನು ಕುಟ್ಟಿ ಹಿತ್ತಲಿನ ತಳಕ್ಕೆ ಹರಡುತ್ತೇನೆ. ಭಾನುವಾರ ಮತ್ತೆ ಎಂಟು ಅಚ್ಚು.