ಕಾಂಬಿ ಬಾಯ್ಲರಿನ ಮುಳ್ಳು ಇಳಿದಾಗ

ಷವರ್‌ನಲ್ಲಿ ಬಿಸಿನೀರು ಸಣ್ಣಗೆ ಬರುತ್ತಿದೆ ಎಂದು ಬಾಯ್ಲರಿನ ಪ್ರೆಷರ್ ಏರಿಸುವವರಿದ್ದಾರೆ. ಅದರಿಂದ ಏನೂ ಆಗದು. ಬ್ರಿಟನ್ನಿನ ಮನೆಗಳಲ್ಲಿರುವ ಕಾಂಬಿ ಬಾಯ್ಲರ್ ಎಂದರೆ ನಲ್ಲಿಯ ನೀರನ್ನೂ ಕೋಣೆಗಳನ್ನೂ ಬಿಸಿಮಾಡುವ ಒಂದೇ ಪೆಟ್ಟಿಗೆ. ಅದರೊಳಗೆ ಒಂದಕ್ಕೊಂದು ಬೆರೆಯದ ಎರಡು ನೀರು ಹರಿಯುತ್ತವೆ. ನಲ್ಲಿಗೆ ಬರುವುದು ಬೀದಿ ಪೈಪಿನ ನೀರು, ಅದರ ರಭಸವೂ ಬೀದಿ ಪೈಪಿನದೇ. ಗೇಜಿನ ಮುಳ್ಳು ತೋರಿಸುವುದು ಕೋಣೆ ಬಿಸಿಮಾಡುವ ರೇಡಿಯೇಟರುಗಳಲ್ಲಿ ಸುತ್ತುವ ನೀರಿನ ಒತ್ತಡವನ್ನು. ಇದು ತೋಡಿದಷ್ಟು ತುಂಬುತ್ತಾ ಹೋಗುವ ಬಚ್ಚಲ ಹಂಡೆಯಲ್ಲ. ಒಮ್ಮೆ ತುಂಬಿದ ನೀರೇ ವರ್ಷಗಟ್ಟಲೆ ಸುತ್ತಬೇಕು.

ತಣ್ಣಗಿರುವಾಗ ಮುಳ್ಳು 1ರಿಂದ 1.5 ಬಾರ್ ನಡುವೆ ಇರಲಿ. 1 ಬಾರ್ ಎಂದರೆ ಸುಮಾರು 10 ಮೀಟರ್ ಎತ್ತರದ ನೀರಿನ ಭಾರ. ಎರಡಂತಸ್ತಿನ ಮನೆಯ ಮೇಲಿನ ರೇಡಿಯೇಟರಿಗೆ ನೀರು ಮುಟ್ಟಲು ಅರ್ಧ ಬಾರ್ ಸಾಕು, ಉಳಿದದ್ದು ಗಾಳಿ ಸೇರದಂತೆ ಕಾಯಲು. ಬಿಸಿಯಾದಾಗ 2 ಬಾರ್ ಹತ್ತಿರ ಏರಿದರೆ ಗಾಬರಿ ಬೇಡ. 3 ಬಾರ್ ತಲುಪಿದರೆ ಸೇಫ್ಟಿ ವಾಲ್ವ್ ತೆರೆದು ಹೊರಗೋಡೆಯ ತಾಮ್ರದ ಪೈಪಿನಿಂದ ನೀರು ಚೆಲ್ಲುತ್ತದೆ.

ಮುಳ್ಳು 1ಕ್ಕಿಂತ ಕೆಳಗಿಳಿದರೆ ನೀರು ತುಂಬಿಸಬೇಕು. ತುಂಬಿಸುವ ಕ್ರಮ ಸುಲಭ. ಬಾಯ್ಲರ್ ಆರಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಅದರ ಕೆಳಗೆ ಸ್ಟೀಲ್ ಹೆಣಿಗೆಯ ಪುಟ್ಟ ಹೋಸ್ ಇರುತ್ತದೆ, ಅದೇ ಫಿಲ್ಲಿಂಗ್ ಲೂಪ್. (ಕೆಲವದರಲ್ಲಿ ಹೋಸ್ ಬದಲು ಒಳಗೇ ಒಂದು ಲಿವರ್ ಅಥವಾ ಕೀಲಿ.) ಎರಡೂ ತುದಿಯ ನಟ್ ಬಿಗಿಯಾಗಿವೆಯೇ ನೋಡಿ. ಒಂದು ವಾಲ್ವ್ ಪೂರ್ತಿ ತೆರೆದು, ಇನ್ನೊಂದನ್ನು ನಿಧಾನವಾಗಿ ತಿರುಗಿಸಿ. ವಾಲ್ವಿನ ಮೇಲಿನ ಸ್ಕ್ರೂಡ್ರೈವರ್ ಗೀರು ಪೈಪಿನ ಉದ್ದಕ್ಕೆ ನಿಂತರೆ ತೆರೆದಿದೆ, ಅಡ್ಡ ನಿಂತರೆ ಮುಚ್ಚಿದೆ. ಗೇಜ್ ಮೇಲೆ ಕಣ್ಣಿಟ್ಟು 1.2ಕ್ಕೆ ಎರಡನ್ನೂ ಮುಚ್ಚಿ. ಆಮೇಲೆ ಹೋಸ್ ಬಿಚ್ಚಿ ಕ್ಯಾಪ್ ಹಾಕಿ. ಬಾಯ್ಲರಿನ ಕೊಳೆನೀರು ಕುಡಿಯುವ ನೀರಿಗೆ ಹಿಮ್ಮುಖವಾಗಿ ಬರಬಾರದೆಂದು ಅಲ್ಲಿನ 1999ರ ನೀರು ಸರಬರಾಜು ನಿಯಮ ಇದನ್ನೇ ಹೇಳುತ್ತದೆ, ಬಿಚ್ಚುವವರು ಮಾತ್ರ ಕಡಿಮೆ.

ವರ್ಷಕ್ಕೆ ಒಂದೆರಡು ಸಲ ಹೀಗೆ ತುಂಬಿಸಿದರೆ ತಪ್ಪಿಲ್ಲ. ವಾರಕ್ಕೊಮ್ಮೆ ಬೇಕಾಗುತ್ತಿದೆಯೆಂದರೆ ಕಾರಣ ಹುಡುಕಲೇಬೇಕು. ಹೊಸ ನೀರಿನ ಜೊತೆ ಆಮ್ಲಜನಕ ಬರುತ್ತದೆ, ರೇಡಿಯೇಟರಿನ ಉಕ್ಕು ಒಳಗಿಂದ ತುಕ್ಕು ಹಿಡಿದು ಕಪ್ಪು ಕೆಸರಾಗುತ್ತದೆ, ಆ ಕೆಸರು ಪಂಪನ್ನೂ, ನೀರಿಗೆ ಶಾಖ ದಾಟಿಸುವ ಹೀಟ್ ಎಕ್ಸ್‌ಚೇಂಜರನ್ನೂ ಕಟ್ಟುತ್ತದೆ. ಲಂಡನ್ನಿನಂಥ ಗಡಸು ನೀರಿನ ಕಡೆ ಸುಣ್ಣವೂ ಸೇರಿಕೊಳ್ಳುತ್ತದೆ. ತುಕ್ಕು ತಡೆಯಲು ಹಾಕಿದ ಇನ್‌ಹಿಬಿಟರ್ ಸೋರಿದ ನೀರಿನ ಜೊತೆಗೇ ಹೋಗಿರುತ್ತದೆ. ಅದನ್ನು ಮತ್ತೆ ಹಾಕುವಾಗ ಸಾಮಾನ್ಯವಾಗಿ 100 ಲೀಟರ್ ನೀರಿಗೆ 1 ಲೀಟರ್ ಲೆಕ್ಕ, ಡಬ್ಬಿಯ ಮೇಲೆ ಬರೆದದ್ದೇ ಅಂತಿಮ.

ಹಾಗಾದರೆ ನೀರು ಎಲ್ಲಿ ಹೋಗುತ್ತಿದೆ? ಮೊದಲು ರೇಡಿಯೇಟರ್ ವಾಲ್ವುಗಳ ಬುಡಕ್ಕೆ ಟಿಶ್ಯೂ ಒತ್ತಿ ನೋಡಿ. ಒಣಗಿದ್ದರೆ ಬಾಯ್ಲರ್ ಆರಿಸಿ, ಅದರ ಕೆಳಗಿನ ಫ್ಲೋ ಮತ್ತು ರಿಟರ್ನ್ ವಾಲ್ವುಗಳನ್ನು (ರೇಡಿಯೇಟರಿಗೆ ನೀರು ಹೋಗುವ, ಮರಳುವ ದಾರಿ) ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಗೇಜ್ ಇಳಿದಿದ್ದರೆ ಸೋರಿಕೆ ಬಾಯ್ಲರಿನೊಳಗೆ. ಇಳಿಯದಿದ್ದರೆ ಪೈಪಿನಲ್ಲಿ, ಬಹುಶಃ ನೆಲದಡಿಯಲ್ಲಿ. ಮತ್ತೆ ಬಾಯ್ಲರ್ ಹಚ್ಚುವ ಮೊದಲು ಎರಡೂ ವಾಲ್ವ್ ತೆರೆಯಲು ಮರೆಯಬೇಡಿ.

ಇನ್ನೊಂದು ಬಗೆಯಲ್ಲಿ ಮುಳ್ಳು ಏರಿಳಿದು ಆಟವಾಡುತ್ತದೆ: ಬಿಸಿಯಾದಾಗ 3, ತಣ್ಣಗಾದಾಗ ಸೊನ್ನೆ. ಇಲ್ಲಿ ಕೆಟ್ಟಿರುವುದು ಹೆಚ್ಚಾಗಿ ಎಕ್ಸ್‌ಪ್ಯಾನ್ಷನ್ ವೆಸಲ್. 10 ಡಿಗ್ರಿಯಿಂದ 80 ಡಿಗ್ರಿಗೆ ಕಾದ ನೀರು ಸುಮಾರು ಶೇ. 3ರಷ್ಟು ಹಿಗ್ಗುತ್ತದೆ, 100 ಲೀಟರ್ ಇದ್ದರೆ 3 ಲೀಟರಿಗೆ ಜಾಗ ಬೇಕು. ವೆಸಲಿನಲ್ಲಿ ರಬ್ಬರ್ ಪರದೆಯ ಆಚೆ ಗಾಳಿ ತುಂಬಿರುತ್ತದೆ, ಹಿಗ್ಗಿದ ನೀರು ಅದನ್ನು ಒತ್ತಿ ಜಾಗ ಮಾಡಿಕೊಳ್ಳುತ್ತದೆ. ಗಾಳಿ ಇಳಿದುಹೋದರೆ ಸೇಫ್ಟಿ ವಾಲ್ವೇ ದಾರಿ. ಅಷ್ಟೂ ನೀರು ಹೊರಗೆ ಹೋಗುತ್ತದೆ, ಬೆಳಿಗ್ಗೆ ನೀವು ಮತ್ತೆ ತುಂಬಿಸುತ್ತೀರಿ.

ಸರಿಪಡಿಸುವಾಗ ನೀರಿನ ಒತ್ತಡವನ್ನು ಸೊನ್ನೆಗಿಳಿಸಿ, ಕಾರ್ ಟೈರಿನಂಥದೇ ವಾಲ್ವಿನಿಂದ 0.75ರಿಂದ 1 ಬಾರ್ ಗಾಳಿ ತುಂಬಬೇಕು. ನೀರಿನ ಒತ್ತಡ ಇರುವಾಗಲೇ ಅಳೆದರೆ ಸುಳ್ಳು ಅಂಕಿ ಬರುತ್ತದೆ. ಆ ವಾಲ್ವ್ ಒತ್ತಿದಾಗ ನೀರೇ ಬಂದರೆ ರಬ್ಬರ್ ಹರಿದಿದೆ, ವೆಸಲ್ ಬದಲಿಸಬೇಕು. ಬಾಯ್ಲರಿನ ಕವಚ ತೆಗೆಯುವ ಕೆಲಸವನ್ನು ಗ್ಯಾಸ್ ಸೇಫ್ (ಬ್ರಿಟನ್ನಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇದ್ದವರಿಗೇ ಬಿಡಿ. ಪದೇ ಪದೇ ತೆರೆದ ಸೇಫ್ಟಿ ವಾಲ್ವಿನ ಸೀಟಿನಲ್ಲಿ ಕಸ ಕೂತು ಅದು ಮುಂದೆ ತೊಟ್ಟಿಕ್ಕುತ್ತಲೇ ಇರಬಹುದು. ಎರಡನ್ನೂ ಒಟ್ಟಿಗೆ ನೋಡಲು ಹೇಳಿ.

ಬಾಯ್ಲರ್ ಆರಿದ್ದರೂ ಮುಳ್ಳು ಏರುತ್ತಿದ್ದರೆ ಮೊದಲ ಅನುಮಾನ ಸರಿಯಾಗಿ ಮುಚ್ಚದ ಫಿಲ್ಲಿಂಗ್ ಲೂಪ್ ಮೇಲೆ. ಹೋಸ್ ಬಿಚ್ಚಿದ ಮೇಲೂ ಏರಿದರೆ ನಲ್ಲಿಯ ನೀರನ್ನು ಬಿಸಿಮಾಡುವ ಒಳಗಿನ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ತೂತಾಗಿ, ಬೀದಿ ನೀರು ರೇಡಿಯೇಟರಿನ ನೀರಿಗೆ ನುಗ್ಗುತ್ತಿರಬಹುದು.

ರೇಡಿಯೇಟರಿನ ಗಾಳಿ ಬಿಟ್ಟಾಗಲೂ ಒತ್ತಡ ಇಳಿಯುತ್ತದೆ, ಅದು ಸಹಜ. ಆದರೆ ಒಂದೇ ರೇಡಿಯೇಟರಿನ ತಲೆಯಲ್ಲಿ ಮತ್ತೆ ಮತ್ತೆ ಗಾಳಿ ಕಟ್ಟಿದರೆ ಅದು ಬರೀ ಗಾಳಿ ಆಗಿರಲಿಕ್ಕಿಲ್ಲ. ತುಕ್ಕಿನಿಂದ ಹುಟ್ಟಿದ ಹೈಡ್ರೋಜನ್ ಇರಬಹುದು. ಬಿಡುವಾಗ ಹತ್ತಿರ ಬೆಂಕಿ ಬೇಡ.

ಇಂಗ್ಲೆಂಡಿನಲ್ಲಿ ಬಾಡಿಗೆಗೆ ಇರುವವರು ಈ ರಿಪೇರಿಗೆ ಕೈಯಿಂದ ಹಣ ಹಾಕಬೇಕಿಲ್ಲ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸಾಮಾನ್ಯ ಬಾಡಿಗೆ ಮನೆಗಳಲ್ಲಿ ಹೀಟಿಂಗ್ ಮತ್ತು ಬಿಸಿನೀರಿನ ವ್ಯವಸ್ಥೆ ಸರಿಯಿಡುವುದು ಮಾಲೀಕರ ಹೊಣೆ. ದಿನಾಂಕ ಬರೆದು ಗೇಜಿನ ಫೋಟೊ ತೆಗೆದಿಟ್ಟುಕೊಳ್ಳಿ: ತಣ್ಣಗಿದ್ದಾಗ ಒಂದು, ಬಿಸಿಯಾದಾಗ ಒಂದು. ಮಾಲೀಕರಿಗೆ ಕಳಿಸಲೂ ಆಯಿತು, ಎಂಜಿನಿಯರ್ ಬಂದಾಗ ತೋರಿಸಲೂ ಆಯಿತು.