ಚಾವಡಿ ಓದುವ ಮನೆ: ಒಂಬತ್ತು ತಿಂಗಳ ಲೆಕ್ಕ

ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲೂಕಿನ ನಮ್ಮೂರಲ್ಲಿ ಅಗಸಿ ಬಾಗಿಲ ಪಕ್ಕ ಒಂದು ಹಳೆ ಚಾವಡಿ ಇದೆ. ನಿಜಾಮರ ಕಾಲದಲ್ಲಿ ಗೌಡರು, ಕುಲಕರ್ಣಿಯವರು ಕೂತು ಕಂದಾಯ ಎಣಿಸುತ್ತಿದ್ದ ಜಾಗ. ಕಲ್ಲಿನ ಗೋಡೆ, ಕಟ್ಟಿಗೆ ಕಂಬ, ಮಣ್ಣಿನ ಮಾಳಿಗೆ. ಅದನ್ನು ಓದುವ ಮನೆ ಮಾಡಬೇಕು ಅಂತ ನಾವು ಏಳು ಜನ 2024ರ ಆಗಸ್ಟ್‌ನಲ್ಲಿ ಕೈ ಹಾಕಿದೆವು. ಇಲ್ಲಿಯವರೆಗೆ ಏನಾಯಿತು, ಯಾವ ಹಣ ಎಲ್ಲಿಂದ ಬಂತು, ಯಾವುದು ಇನ್ನೂ ಬಂದಿಲ್ಲ, ಎಲ್ಲ ಬರೆದಿಡುತ್ತಿದ್ದೇನೆ. ಬೇರೆ ಊರಿನವರಿಗೂ ಉಪಯೋಗ ಆಗಲಿ.

ಆಗಸ್ಟ್ 2024

ನನ್ನದು ಊರಲ್ಲಿ ಜೆರಾಕ್ಸ್ ಅಂಗಡಿ. ಪೊಲೀಸ್, ಎಫ್‌ಡಿಎ, ಪಿಡಿಒ ಅಂತ ಪರೀಕ್ಷೆಗೆ ಓದುವ ಹುಡುಗರು ಅರ್ಜಿ ತುಂಬಲು ನನ್ನ ಹತ್ತಿರವೇ ಬರುತ್ತಾರೆ. ಹದಿನಾಲ್ಕು ಜನ ಇದ್ದಾರೆ. ರಾತ್ರಿ ಹನುಮಪ್ಪನ ಗುಡಿ ಕಟ್ಟೆ ಮೇಲೆ ಒಂದೇ ಬಲ್ಬಿನ ಕೆಳಗೆ ಕೂತು ಓದುತ್ತಾರೆ. ಹುಡುಗಿಯರಿಗೆ ಅದೂ ಇಲ್ಲ. ಶಕ್ತಿ ಯೋಜನೆ ಬಂದ ಮೇಲೆ ಕೊಪ್ಪಳದ ಗ್ರಂಥಾಲಯಕ್ಕೆ ಬಸ್ಸಿನಲ್ಲಿ ದುಡ್ಡಿಲ್ಲದೆ ಹೋಗಬಹುದು, ನಿಜ. ಆದರೆ ಸಂಜೆ ಐದಕ್ಕೆ ಮನೆಯಲ್ಲಿ ಇರಬೇಕು ಅಂತಾರೆ. ಹೋಗಿ ಬರೋದರಲ್ಲೇ ಅರ್ಧ ದಿನ ಕಳೆಯುತ್ತದೆ.

ಪಂಚಾಯತಿ ಕಚೇರಿ ಇರುವ ಊರಲ್ಲಿ ಅರಿವು ಕೇಂದ್ರ, ಅಂದರೆ ಪಂಚಾಯತಿ ಗ್ರಂಥಾಲಯ ಇದೆ. ನಮ್ಮೂರು ಅಲ್ಲಿಂದ ನಾಲ್ಕು ಕಿಲೋಮೀಟರ್. ಮನೆ ಕರದ ಜೊತೆ ನಾವೂ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಅದಕ್ಕೇ ಕೇಳುವ ಹಕ್ಕು ಇದೆ ಅಂತ ಅನಿಸಿತು.

ಪರಿಚಯದ ಎಂಜಿನಿಯರ್ ಒಬ್ಬರಿಂದ ಅಂದಾಜು ಪಟ್ಟಿ ಮಾಡಿಸಿದೆವು. ಒಟ್ಟು 9.4 ಲಕ್ಷ. ಒಂದೇ ಅರ್ಜಿ, ಒಂದೇ ಮೊತ್ತ. ತಾಲೂಕಿನ ಒಂದು ಕಚೇರಿಗೆ ಕೊಟ್ಟು ಬಂದೆವು.

ಸೆಪ್ಟೆಂಬರ್

ಅರ್ಜಿ ಹಿಂದೆ ಬಂತು. ಮೇಲೆ ಒಂದೇ ಸಾಲು: ‘ಯಾವ ಲೆಕ್ಕ ಶೀರ್ಷಿಕೆ?’ ಅಂದರೆ ಸರ್ಕಾರದ ಯಾವ ಖಾತೆಯ ಹಣದಿಂದ ಅಂತ. ನಮ್ಮಲ್ಲಿ ಇಬ್ಬರು ಅಲ್ಲೇ ಕೈಬಿಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೂಲಿ ಬಿಟ್ಟು ಎಷ್ಟು ಸಲ ಅಡ್ಡಾಡಲಿಕ್ಕೆ ಆಗುತ್ತದೆ?

ಆ ವಾರ ಊರಲ್ಲಿ ಚರಂಡಿ ಕೆಲಸ ನೋಡಲು ಒಬ್ಬ ಜೆ.ಇ. (ಕಿರಿಯ ಎಂಜಿನಿಯರ್) ಬಂದಿದ್ದರು. ಪಟ್ಟಿ ತೋರಿಸಿದೆ. ಗಾಡಿ ಮೇಲೆ ಕೂತೇ ಓದಿ ಅಂದರು: “ಇದು ಒಂದು ಕೆಲಸ ಅಲ್ರೀ, ಆರು ಕೆಲಸ. ಒಂದೊಂದಕ್ಕೂ ಒಂದೊಂದು ಮನಿ ಐತಿ. ಬಿಡಿಸಿ ಬರ್ಕೊಂಡು ಬರ್ರಿ.”

ನಮ್ಮ ದಾರಿ ಬದಲಾಗಿದ್ದು ಆ ಮಾತಿನಿಂದ. ‘ಯಾರು ದುಡ್ಡು ಕೊಡ್ತಾರೆ’ ಅಂತ ಹುಡುಕೋದು ಬಿಟ್ಟೆವು. ಯಾವ ಹಣಕ್ಕೆ ಯಾವ ಕೆಲಸ ಮಾಡಲು ಅವಕಾಶ ಇದೆ ಅಂತ ಕೇಳತೊಡಗಿದೆವು. ಹೀಗೆ ಬಿಡಿಸಿದೆವು: ಮಾಳಿಗೆ ತೆಗೆದು ಹೊಸ ಛಾವಣಿ 5.2 ಲಕ್ಷ, ಶೌಚಾಲಯ ಮತ್ತು ಕುಡಿಯುವ ನೀರು 2.1 ಲಕ್ಷ, ಮಳೆ ನೀರು ಕೊಯ್ಲು ಮತ್ತು ಇಂಗುಗುಂಡಿ 90 ಸಾವಿರ, ಮೇಜು ಕಪಾಟು 45 ಸಾವಿರ, ಕರೆಂಟು 40 ಸಾವಿರ, ರ‍್ಯಾಂಪ್ 35 ಸಾವಿರ.

ಒಂದು ಎಚ್ಚರಿಕೆ. ಟೆಂಡರ್ ತಪ್ಪಿಸಲು ಒಂದೇ ಕೆಲಸವನ್ನು ತುಂಡು ಮಾಡೋದು ಬೇರೆ. ಅದಕ್ಕೆ ಸರ್ಕಾರಿ ಖರೀದಿ, ಟೆಂಡರ್‌ಗಳ 1999ರ ಕೆ.ಟಿ.ಪಿ.ಪಿ. ಕಾಯ್ದೆ ಒಪ್ಪೋದಿಲ್ಲ, ಒಪ್ಪಲೂಬಾರದು. ಛಾವಣಿ, ಶೌಚಾಲಯ ಅಂತ ಬೇರೆ ಬೇರೆ ಜಾತಿಯ ಕೆಲಸಗಳನ್ನು ಅದರದರ ಯೋಜನೆಗೆ ಸೇರಿಸೋದು ಬೇರೆ. ನಾವು ಮಾಡಿದ್ದು ಎರಡನೆಯದು.

ಅಕ್ಟೋಬರ್

ಉದ್ಯೋಗ ಖಾತರಿಯ ಮುಂದಿನ ವರ್ಷದ ಕೆಲಸಗಳ ಪಟ್ಟಿಗೆ ಅಕ್ಟೋಬರ್ 2ರಿಂದ ಗ್ರಾಮಸಭೆಗಳು ಶುರುವಾಗುತ್ತಿದ್ದವು. ಪಂಚಾಯತಿಯ ವಾರ್ಷಿಕ ಯೋಜನೆಯಾದ ‘ನಮ್ಮ ಗ್ರಾಮ ನಮ್ಮ ಯೋಜನೆ’ಗೂ ಅಲ್ಲಿಂದಲೇ ದಾರಿ. ಈ ತಿಂಗಳು ತಪ್ಪಿದರೆ ಒಂದು ವರ್ಷ ಹೋದ ಹಾಗೆ.

ಮೊದಲ ಗ್ರಾಮಸಭೆಗೆ ಕೋರಂ ಆಗಲಿಲ್ಲ. ಹೆಸರುಕಾಳಿನ ರಾಶಿ ಮುಗಿದು ಹಿಂಗಾರಿಗೆ ಕಡಲೆ, ಬಿಳಿಜೋಳ ಬಿತ್ತುವ ಹೊತ್ತು. ಹಗಲು ಹನ್ನೊಂದಕ್ಕೆ ಸಭೆ ಅಂದರೆ ಯಾರು ಬರುತ್ತಾರೆ? ಎರಡನೆಯದಕ್ಕೆ ಸ್ತ್ರೀಶಕ್ತಿ ಸಂಘದ ಅಕ್ಕಂದಿರ ಮನೆ ಮನೆಗೆ ಹೋಗಿ ಹೇಳಿದೆವು. ಅವರು ಬಂದರು. ರಸ್ತೆ ಬೇಕು, ಚರಂಡಿ ಬೇಕು ಅಂತ ಗಲಾಟೆ ನಡೆದಾಗ ಒಬ್ಬ ತಾಯಿ ಎದ್ದು ನಿಂತರು: “ರಸ್ತೆ ಪ್ರತಿ ವರ್ಷ ಬರೀತೀರಿ. ನನ್ನ ಮಗಳು ಓದಾಕ ಒಂದು ಕೋಣಿ ಯಾವಾಗ ಬರೀತೀರಿ?” ಸಭೆ ಒಂದು ಗಳಿಗೆ ಸುಮ್ಮನಾಯಿತು. ಠರಾವು ಪುಸ್ತಕದಲ್ಲಿ ಆರೂ ಕೆಲಸ ಬೇರೆ ಬೇರೆ ಸಾಲಿನಲ್ಲಿ ಬಂದವು. ಆ ಪುಟದ ದೃಢೀಕೃತ ನಕಲನ್ನು ಅವತ್ತೇ ತೆಗೆಸಿಕೊಂಡೆ. ಮುಂದೆ ಯಾವ ಬಾಗಿಲಿಗೆ ಹೋದರೂ ಮೊದಲು ಕೇಳಿದ್ದು ಅದನ್ನೇ.

ಒಬ್ಬ ಹಿರಿಯರು ಹೊರಗೆ ಬಂದಾಗ ಕೇಳಿದರು: “ಅಜ್ಜಾರು 2019ರಾಗ ಹಿರೇಹಳ್ಳ ಹಸನ ಮಾಡಿಸಿದ್ರು. ಮಂದಿ ತಾವಾಗೇ ರೊಕ್ಕ ಕೊಟ್ರು. ನೀವ್ಯಾಕ ಆಫೀಸಿಗೆ ಅಡ್ಡಾಡ್ತೀರಿ ತಮ್ಮಾ?” ಒಳ್ಳೆ ಪ್ರಶ್ನೆ. ಕೊಪ್ಪಳದ ಗವಿಮಠದ ಶ್ರೀಗಳ ಆ ಕೆಲಸ ನೋಡಿಯೇ ನಮಗೂ ಧೈರ್ಯ ಬಂದಿದ್ದು. ಆದರೆ ಕಟ್ಟಡ ಕಟ್ಟಿದ ಮೇಲೆ ಬಿಲ್ಲು, ರಿಪೇರಿ, ಕೀಲಿ ಯಾರ ಕೈಯಲ್ಲಿ? ಪಂಚಾಯತಿ ಹಣ ಬಿದ್ದರೆ ಅದು ಪಂಚಾಯತಿ ಆಸ್ತಿಯಾಗಿ ಉಳಿಯುತ್ತದೆ. ನಾವೆಲ್ಲ ಊರು ಬಿಟ್ಟರೂ ಬಾಗಿಲು ತೆರೆದಿರಬೇಕು ಅಲ್ವಾ?

ನವೆಂಬರ್, ಡಿಸೆಂಬರ್

ಎರಡು ತಿಂಗಳು ಒಂದೇ ಕೆಲಸ. ಚಾವಡಿ ಪಂಚಾಯತಿ ಆಸ್ತಿ ರಿಜಿಸ್ಟರ್‌ನಲ್ಲೇ ಇರಲಿಲ್ಲ! ಎಲ್ಲರಿಗೂ ಅದು ಊರಿನದು ಅಂತ ಗೊತ್ತು, ಕಾಗದದಲ್ಲಿ ಮಾತ್ರ ಇಲ್ಲ. ಸರ್ಕಾರದ ಯಾವ ಹಣವೂ ಕಾಗದ ಇಲ್ಲದ ಜಾಗಕ್ಕೆ ಬರೋದಿಲ್ಲ. ಅಳತೆ ಮಾಡಿಸಿ, ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆಸಿ, ಪಕ್ಕದ ಮನೆಯವರ ಒಪ್ಪಿಗೆ ಸಹಿ ಹಾಕಿಸಿ, ಮತ್ತೊಂದು ಠರಾವು ಮಾಡಿಸಿದೆವು. ಪಿಡಿಒ ಮೇಡಂ ತಾವೇ ನಿಂತು ಟೇಪು ಹಿಡಿಸಿದರು. ಬೇರೆ ಊರಿನವರಿಗೆ ಹೇಳುತ್ತೇನೆ: ಮೊದಲು ಜಾಗದ ಕಾಗದ ನೋಡಿ. ಅರ್ಜಿ ಆಮೇಲೆ.

ಜನವರಿ, ಫೆಬ್ರುವರಿ 2025

ಗವಿಮಠದ ಜಾತ್ರೆ ಇತ್ತು, ದಾಸೋಹಕ್ಕೆ ರೊಟ್ಟಿ ಬಡಿಯುವ ಗಡಿಬಿಡಿ. ಊರಲ್ಲಿ ಯಾರೂ ಸಿಗಲಿಲ್ಲ. ನಾನೂ ಸಿಗಲಿಲ್ಲ.

ಫೆಬ್ರುವರಿಯಲ್ಲಿ ಹಣದ ದಾರಿಗಳು ಸ್ಪಷ್ಟವಾದವು. ಶೌಚಾಲಯ ಮತ್ತು ನೀರಿಗೆ 15ನೇ ಹಣಕಾಸು ಆಯೋಗದ ಅನುದಾನ. ಅದರಲ್ಲಿ ನೂರಕ್ಕೆ 60 ಪಾಲು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು, ಉಳಿದ 40 ಪಾಲನ್ನು ಪಂಚಾಯತಿ ತನ್ನ ಅಗತ್ಯ ನೋಡಿ ಬಳಸಬಹುದಿತ್ತು. ಎಲ್ಲರೂ ಆ 40ರ ಮೇಲೆ ಕಣ್ಣಿಡುತ್ತಿದ್ದರು. ನಾವು ಆ ಕಡೆ ಹೋಗದೆ 60ರಲ್ಲಿ ಕೇಳಿದೆವು. ಸುಲಭವಾಗಿ ಕ್ರಿಯಾ ಯೋಜನೆಯಲ್ಲಿ ಸೇರಿತು.

ಇಂಗುಗುಂಡಿ, ಮಳೆ ನೀರು ಕೊಯ್ಲು ಉದ್ಯೋಗ ಖಾತರಿಗೆ. ಅಲ್ಲಿ ಆಗ ಕೂಲಿಗೆ ಕನಿಷ್ಠ 60 ಪಾಲು, ಸಾಮಗ್ರಿಗೆ ಹೆಚ್ಚೆಂದರೆ 40 ಇತ್ತು. ಹಾಗಾಗಿ ಸಿಮೆಂಟಿಗಿಂತ ಅಗೆಯುವ ಕೆಲಸ ಜಾಸ್ತಿ ಇರುವುದೇ ಹೊಂದುತ್ತಿತ್ತು.

ನನಗೆ ಬಹಳ ಖುಷಿ ಕೊಟ್ಟದ್ದು ರ‍್ಯಾಂಪ್. ಪಂಚಾಯತಿ ತನ್ನ ಸ್ವಂತ ಆದಾಯದಲ್ಲಿ ನೂರಕ್ಕೆ 5 ಪಾಲು ಅಂಗವಿಕಲರಿಗೆ ಇಡಬೇಕು. ಬಹಳ ಊರುಗಳಲ್ಲಿ ಈ ಹಣ ಮಾರ್ಚ್ ಕೊನೆಗೆ ಗಡಿಬಿಡಿಯಲ್ಲಿ ಏನಾದರೂ ಸಾಮಾನು ಹಂಚಿ ಮುಗಿಯುತ್ತದೆ. ನಮ್ಮ ಹದಿನಾಲ್ಕು ಜನರಲ್ಲಿ ಒಬ್ಬ ಹುಡುಗ ಮೂರು ಗಾಲಿ ಸೈಕಲ್ಲಿನಲ್ಲಿ ಬರುತ್ತಾನೆ. ಗುಡಿ ಕಟ್ಟೆಗೆ ಅವನನ್ನು ಗೆಳೆಯರು ಎತ್ತಿ ಕೂರಿಸುತ್ತಿದ್ದರು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅವನಿಂದಲೇ ಅರ್ಜಿ ಬರೆಸಿದರು. ಮಾರ್ಚ್ 20ಕ್ಕೆ ರ‍್ಯಾಂಪ್ ಮುಗಿಯಿತು. ಆರು ಕೆಲಸದಲ್ಲಿ ಮೊದಲು ಮುಗಿದದ್ದು ಅದು. ಒಳಗೆ ಇನ್ನೂ ಏನೂ ಇರಲಿಲ್ಲ. ಆದರೂ ಅವನು ಸಂಜೆ ಒಬ್ಬನೇ ಹತ್ತಿ, ಇಳಿದು, ಮತ್ತೆ ಹತ್ತಿದ.

ಮಾರ್ಚ್, ಏಪ್ರಿಲ್

ಛಾವಣಿ ದೊಡ್ಡ ಕೆಲಸ. ಅದಕ್ಕೆ ಎರಡು ಬಾಗಿಲು. ಒಂದು, ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ, ಒಬ್ಬರಿಗೆ ವರ್ಷಕ್ಕೆ 2 ಕೋಟಿ. ಇನ್ನೊಂದು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಸಂವಿಧಾನದ 371ಜೆ ವಿಧಿಯಿಂದ ನಮ್ಮ ಏಳು ಜಿಲ್ಲೆಗೆ ಬಂದ ಮಂಡಳಿ ಇದು, ಕಚೇರಿ ಕಲಬುರಗಿಯಲ್ಲಿ. ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ಇಡುತ್ತಿದ್ದಾರೆ. ಅದರಲ್ಲಿ ಮ್ಯಾಕ್ರೋ ಅಂದರೆ ದೊಡ್ಡ ಯೋಜನೆಗಳು. ಮೈಕ್ರೋ ಅಂದರೆ ಕ್ಷೇತ್ರದ ಮಟ್ಟದ ಕೆಲಸಗಳು. ಯಾವ ತಾಲೂಕಿಗೆ ಎಷ್ಟು ಅನ್ನೋದಕ್ಕೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ಹಿಂದುಳಿದಿರುವಿಕೆಯ ಲೆಕ್ಕವೇ ಆಧಾರ.

5.2 ಲಕ್ಷ ಅಷ್ಟು ದೊಡ್ಡ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಮೈಕ್ರೋ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಶಾಸಕರ ಪತ್ರ ಬೇಕು. ಠರಾವು, ಆಸ್ತಿ ನಕಲು, ಅಂದಾಜು ಪಟ್ಟಿ, ಎಂಟು ಫೋಟೋ ಕಟ್ಟಿಕೊಂಡು ಹುಡುಗಿಯರೂ ಸೇರಿ ಹನ್ನೊಂದು ಜನ ಹೋದೆವು. ಮಾತು ಅವರೇ ಆಡಿದರು, ನಾನು ಫೈಲು ಹಿಡಿದು ನಿಂತಿದ್ದೆ. ಪತ್ರ ಸಿಕ್ಕಿತು. ಪಟ್ಟಿಯಲ್ಲಿ ಸೇರಿದೆ ಅಂತ ಏಪ್ರಿಲ್ ಕೊನೆಗೆ ತಿಳಿಯಿತು. ಆಡಳಿತಾತ್ಮಕ ಮಂಜೂರಾತಿ ಇನ್ನೂ ಆಗಿಲ್ಲ. ಪತ್ರ ಬಂದರೆ ಹಣ ಬಂತು ಅಂತ ಅಲ್ಲ. ಮಂಜೂರಾತಿ, ತಾಂತ್ರಿಕ ಒಪ್ಪಿಗೆ, ಟೆಂಡರ್, ಕಾರ್ಯಾದೇಶ, ಇಷ್ಟೂ ದಾಟಬೇಕು.

ಏಪ್ರಿಲ್ 1ರಿಂದ ಉದ್ಯೋಗ ಖಾತರಿಯ ದಿನಗೂಲಿ 349ರಿಂದ 370 ರೂಪಾಯಿ ಆಯಿತು. ಇಂಗುಗುಂಡಿಯ ಅಂದಾಜು ಮತ್ತೆ ಬರೆಸಿದೆವು. ಕೂಲಿ ಏರಿದ್ದು ಒಳ್ಳೆಯದೇ.

ಮೇ 2025

ಶೌಚಾಲಯದ ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿದೆ. ಕರೆಂಟು ಪಂಚಾಯತಿ ಸ್ವಂತ ನಿಧಿಯಿಂದ, ನಾಲ್ಕು ಎಲ್‌ಇಡಿ ಹತ್ತಿವೆ. ಮೇಜು, ಕಪಾಟಿಗೆ ಯಾವ ಯೋಜನೆಯನ್ನೂ ಕೇಳಲಿಲ್ಲ. ಊರಿನಿಂದ ಹೊರಗೆ ನೌಕರಿ ಮಾಡುವವರು 31 ಸಾವಿರ ಕೊಟ್ಟಿದ್ದಾರೆ. ಉಳಿದ 14 ಸಾವಿರ ಕೂಡಬೇಕು. ಅರಿವು ಕೇಂದ್ರದ ಮೇಲ್ವಿಚಾರಕಿ ತಿಂಗಳಿಗೆ 60 ಪುಸ್ತಕ ರಿಜಿಸ್ಟರ್‌ನಲ್ಲಿ ಬರೆದು ಕೊಡಲು ಒಪ್ಪಿದ್ದಾರೆ.

ಛಾವಣಿ ಹಣ ಬರುವ ತನಕ ಮಳೆ ಕಾಯೋದಿಲ್ಲ. ಕಳೆದ ಭಾನುವಾರ ಇಪ್ಪತ್ತು ಜನ ಸೇರಿ ಹಳೆ ಮಾಳಿಗೆ ಮೇಲೆ ಸವಳು ಮಣ್ಣು ಹಾಕಿ ಮೇಲ್ಮುದ್ದೆ ಮಾಡಿದೆವು. ಒಂದು ತೊಲೆ ಹುಳ ತಿಂದು ಟೊಳ್ಳಾಗಿತ್ತು, ಅದರ ಕೆಳಗೆ ಬೇವಿನ ಕಂಬ ಕೊಟ್ಟಿದ್ದೇವೆ. ಆ ಮೂಲೆಯಲ್ಲಿ ಯಾರೂ ಕೂರಬಾರದು ಅಂತ ಹಗ್ಗ ಕಟ್ಟಿದೆ. ಉಳಿದ ಜಾಗದಲ್ಲಿ ನಿನ್ನೆ ರಾತ್ರಿ ಒಂಬತ್ತು ಜನ ಓದಿದರು, ಅದರಲ್ಲಿ ನಾಲ್ವರು ಹುಡುಗಿಯರು.

ಸೋಮವಾರ ಶೌಚಾಲಯದ ಅಳತೆಯನ್ನು ಎಂ.ಬಿ., ಅಂದರೆ ಅಳತೆ ಪುಸ್ತಕದಲ್ಲಿ ಬರೆಯಲು ಜೆ.ಇ. ಬರುತ್ತಾರೆ. ಬುಧವಾರ ಮಂಜೂರಾತಿ ವಿಚಾರಿಸಲು ಕೊಪ್ಪಳಕ್ಕೆ ಹೋಗಬೇಕು.