ಫೋನಿನ ಕಿಂಡಿಯೊಳಗೆ ನೀಲಿ ಎಳೆ

ಶನಿವಾರ ಬಟವಾಡೆ, ಶುಕ್ರವಾರ ಸಂಜೆ ನನ್ನ ಫೋನಿನಲ್ಲಿ ಉಳಿದದ್ದು 6% ಚಾರ್ಜ್. ವಾರವಿಡೀ ಹೊಲಿದ ಪೀಸುಗಳ ಲೆಕ್ಕ ಅದರಲ್ಲೇ ಇತ್ತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ನಮ್ಮಂಥವರಿಗೆ ಪೀಸಿನ ಲೆಕ್ಕ ತಪ್ಪಿತೆಂದರೆ ಕೂಲಿ ಹೋಯಿತೆಂದೇ ಅರ್ಥ.

ಮೂರು ದಿನದಿಂದ ಹೀಗೇ. ವೈರನ್ನು ಒಂದು ಮಗ್ಗುಲಿಗೆ ಒತ್ತಿ ಹಿಡಿದರೆ ಮಿಂಚಿನ ಗುರುತು ಬರುತ್ತಿತ್ತು, ಕೈ ಬಿಟ್ಟರೆ ಹೋಗುತ್ತಿತ್ತು. ಗುರುವಾರ ಒಂದು ಅಂಗಡಿಗೆ ಒಯ್ದೆ. ಹುಡುಗ ವೈರ್ ಚುಚ್ಚಿ ನೋಡಿ, "ಬೋರ್ಡ್ ಹೋಗೈತಕ್ಕ, 1,800 ಆಗ್ತೈತೆ, ಎರಡು ದಿನ ಬಿಟ್ಟು ಹೋಗ್ರಿ" ಅಂದ. ಲೆಕ್ಕ ಒಳಗಿರುವ ಫೋನನ್ನು ಬಿಟ್ಟು ಬರಲು ಮನಸ್ಸಾಗದೆ ವಾಪಸ್ ತಂದೆ.

ಶುಕ್ರವಾರ ತಮ್ಮ ಮನೆಗೆ ಬಂದಿದ್ದ. ಮೊದಲು ಲೆಕ್ಕವನ್ನೆಲ್ಲ ನೋಟ್‌ಬುಕ್ಕಿಗೆ ಬರೆದುಕೊಂಡೆ. ಆಮೇಲೆ ಅವನು ನನ್ನ ಚಾರ್ಜರನ್ನು ತನ್ನ ಫೋನಿಗೆ ಹಾಕಿದ, ಸಲೀಸಾಗಿ ಏರಿತು. ಅವನ ಚಾರ್ಜರ್ ನನ್ನದಕ್ಕೆ ಹಾಕಿದರೆ ಅದೇ ಕಥೆ. ತಪ್ಪು ಚಾರ್ಜರಿನದಲ್ಲ ಅಂತಾಯಿತು. ಎರಡೂ ಫೋನ್ ಜೋಡಿಸಿಟ್ಟು ನೋಡಿದಾಗ ಗೊತ್ತಾಯಿತು: ಅವನದರಲ್ಲಿ ಪಿನ್ನಿನ ಲೋಹ ಪೂರ್ತಿ ಒಳಗೆ ಹೋಗುತ್ತಿತ್ತು, ನನ್ನದರಲ್ಲಿ ಉಗುರಿನಂಚಿನಷ್ಟು ಹೊರಗೇ ಉಳಿಯುತ್ತಿತ್ತು. ಒಳಗೆ ಏನೋ ಅಡ್ಡ ಇತ್ತು.

ಟಾರ್ಚ್ ಬಿಟ್ಟು ನೋಡಿದೆವು. ಕಿಂಡಿಯ ತಳದಲ್ಲಿ ಬೂದುನೀಲಿ ಪದರ. ಕೈಗೆ ಸೂಜಿ ತಗೊಂಡೆ, ತಮ್ಮ ತಡೆದ. "ಅಕ್ಕಾ, ಸೂಜಿ ಬ್ಯಾಡ, ಫೋನ್ ಆಫ್ ಮಾಡು." ಅವನು ಹೇಳಿದ್ದು ಸರಿ. ಟೈಪ್-ಸಿ ಕಿಂಡಿಯ ನಡುವೆ ತೆಳ್ಳನೆಯ ನಾಲಗೆಯಂಥದ್ದಿರುತ್ತದೆ. ಪೂರ್ಣ ವಿನ್ಯಾಸದಲ್ಲಿ ಅದರ ಮೇಲೆ 12, ಕೆಳಗೆ 12 ಸಂಪರ್ಕಗಳು. ಲೋಹ ತಾಗಿದರೆ ಅವು ಗೀರಬಹುದು, ಒಂದಕ್ಕೊಂದು ಕೂಡಿ ಶಾರ್ಟ್ ಆಗಬಹುದು. ಫೋನ್ ಆಫ್ ಮಾಡಿ, ಹಲ್ಲುಕಡ್ಡಿಯ ತುದಿಯನ್ನು ಬ್ಲೇಡಿನಿಂದ ಇನ್ನಷ್ಟು ಸಣ್ಣಗೆ ಕೆತ್ತಿ, ನಾಲಗೆಗೆ ತಾಗದಂತೆ ಗೋಡೆಗುಂಟ ಮೆಲ್ಲಗೆ ಕೆದಕಿದೆ. ಒತ್ತಲಿಲ್ಲ, ಹೊರಕ್ಕೇ ಎಳೆದೆ.

ಹೊರಬಂದದ್ದು ಎಳ್ಳುಕಾಳಿನಷ್ಟು ದಪ್ಪದ ಉಂಡೆ, ಚಪ್ಪಟೆಯಾಗಿ ಒತ್ತಿದ ಕಂಬಳಿಯ ತುಂಡಿನಂತೆ. ಬೆರಳಲ್ಲಿ ಬಿಡಿಸಿದರೆ ನೀಲಿ ಎಳೆ, ಬಿಳಿ ಎಳೆ. ಜೀನ್ಸಿನ ಬಟ್ಟೆ ಡೆನಿಮ್‌ನಲ್ಲಿ ಉದ್ದಕ್ಕೆ ಹೋಗುವ ಹಾಸಿನ ನೂಲಿಗೆ ನೀಲಿ ಬಣ್ಣ, ಅಡ್ಡ ಹೋಗುವ ಹೊಕ್ಕಿನದು ಬಿಳಿ. ಓವರ್‌ಲಾಕ್ ಮಷಿನ್ ಅಂಚು ಕತ್ತರಿಸುವಾಗ ಹಾರುವ ಧೂಳು ಅದೇ. ಮೂಗಿನಲ್ಲೂ ಹೋಗುತ್ತದೆ, ತಲೆಯಲ್ಲೂ ಕೂರುತ್ತದೆ. ದಿನಾ ಚಾರ್ಜ್‌ಗೆ ಹಾಕುವಾಗ ನಾನೇ ಅದನ್ನು ಪಿನ್ನಿನಿಂದ ಒಳಕ್ಕೆ ದೂಡಿ ಗಟ್ಟಿ ಮಾಡುತ್ತ ಬಂದಿದ್ದೆ.

ವೈರ್ ಹಾಕಿದೆ. ಟಕ್ ಅಂತ ಕೂತಿತು. ಕೈ ಬಿಟ್ಟರೂ ಮಿಂಚಿನ ಗುರುತು ಹಾಗೇ ಇತ್ತು. ಆ ಅಂಗಡಿಯವ ಒಂದು ಸಲ ಬೆಳಕು ಬಿಟ್ಟು ನೋಡಿದ್ದರೂ ಸಾಕಿತ್ತು. ಪೀಸಿನ ಕೂಲಿಯವರಿಗೆ 1,800 ರೂಪಾಯಿ ಸಣ್ಣ ಮಾತಲ್ಲ. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಶನಿವಾರ ಲೆಕ್ಕ ಸರಿಹೋಯಿತು. ಊಟದ ಹೊತ್ತಿಗೆ ಪಕ್ಕದ ಮಷಿನ್ನಿನ ಅಕ್ಕ ತನ್ನ ಫೋನ್ ತಂದಳು: "ನಂದೂ ಹಿಂಗೇ ಮಾಡ್ತೈತೆ, ನೋಡವ್ವಾ." ಕೆತ್ತಿದ ಕಡ್ಡಿ ಮನೆಯಲ್ಲಿತ್ತು. ಸಂಜೆ ಬಾ ಅಂದೆ.